ಡಿಕ್ಕಿ ಹೊಡೆಯುವುದೇ ನನ್ನ ಉದ್ಯೋಗವಾಗಿತ್ತು

ಊರಿನವರು ಯಾರಾದರೂ ಹೊಸದಾಗಿ ಪರಿಚಯವಾದರೆ ಮೊದಲು ಕೇಳುವುದೇ "ಕುವೈತಲ್ಲಿ ನಿಮ್ಮದು ಎಂತ ಕೆಲಸ?" ಅಂತ. "ಲೈನ್‌ಬ್ಯಾಕರ್ ಆಗಿದ್ದೆ, ಈಗ ರಿಟೈರ್ಡ್" ಎನ್ನುತ್ತೇನೆ. "ಓ, ಮಂಗಫ್ ಕಡೆ ಪೈಪ್‌ಲೈನ್ ಕೆಲಸವಾ?" ಎನ್ನುತ್ತಾರೆ. ಅಲ್ಲ ಎಂದರೆ ನನ್ನ ಕಪ್ಪು ಗಡ್ಡ ನೋಡಿ, "ಇಷ್ಟು ಬೇಗ ರಿಟೈರಾ? ಪಾಪ, ಕಫೀಲ್ ತೆಗೆದು ಹಾಕಿದನಾ?" ಎಂದು ಕನಿಕರಪಡುತ್ತಾರೆ. ಕಫೀಲ್‌ಗೂ, ಅಂದರೆ ವೀಸಾ ಕೊಟ್ಟ ಧಣಿಗೂ, ಇದಕ್ಕೂ ಸಂಬಂಧ ಇಲ್ಲ ಮಾರ್ರೆ. ನಾನು ಮಾಡುತ್ತಿದ್ದ ಕೆಲಸದಲ್ಲಿ ಮೂವತ್ತೈದು ದಾಟಿದವನು ಅಜ್ಜ. ನಾನು ಅದನ್ನೂ ದಾಟಿ ಮೂರು ವರ್ಷ ಎಳೆದೆ.

ನಾನು ಆಡುತ್ತಿದ್ದದ್ದು ಅಮೆರಿಕನ್ ಫುಟ್‌ಬಾಲ್. ಹೆಸರು ಫುಟ್‌ಬಾಲ್, ಆದರೆ ಕಾಲಿಗೆ ಚೆಂಡು ತಾಗುವುದೇ ಅಪರೂಪ. ಸಿಪ್ಪೆ ಸುಲಿಯದ ತೆಂಗಿನಕಾಯಿಯ ಹಾಗೆ ಎರಡು ತುದಿ ಚೂಪಾದ ಚೆಂಡು. ಒಂದು ತಂಡ ಅದನ್ನು ಅಪ್ಪಿಕೊಂಡು ಓಡಿಯೋ ಎಸೆದೋ ಮುಂದಕ್ಕೆ ಸಾಗಿಸಬೇಕು, ಇನ್ನೊಂದು ತಂಡ ಅವರನ್ನು ಕೆಡವಬೇಕು. ಕೆಡವುವ ತಂಡದಲ್ಲಿ ಮುಂದಿನ ಸಾಲಿನಲ್ಲಿ ದಡಿಯರು ನಿಲ್ಲುತ್ತಾರೆ. ಅವರ ಬೆನ್ನ ಹಿಂದೆ ಮಧ್ಯದಲ್ಲಿ ನಿಲ್ಲುವವನೇ ಲೈನ್‌ಬ್ಯಾಕರ್. ದಡಿಯರನ್ನು ದಾಟಿ ಚೆಂಡಿನವನು ಬಂದರೆ ಓಡಿಹೋಗಿ ಡಿಕ್ಕಿ ಹೊಡೆದು ಮಲಗಿಸುವುದು ಅವನ ಕೆಲಸ. ಅಷ್ಟೇ ಅಲ್ಲ, ಎದುರಿನವರು ಈಗ ಎಂತ ಮಾಡಲಿಕ್ಕೆ ಹೊರಟಿದ್ದಾರೆ ಎಂದು ಅವರ ಕಾಲು, ಕಣ್ಣು ನೋಡಿಯೇ ಊಹಿಸಿ, ತನ್ನ ಕಡೆಯವರಿಗೆಲ್ಲ ಕೂಗಿ ಹೇಳಬೇಕು. ಗಂಟಲು, ಮಂಡೆ, ಭುಜ ಮೂರೂ ಬೇಕಾಗುವ ಕೆಲಸ.

ನನ್ನ ಮೂಗು ಎರಡು ಸಲ ಮುರಿದಿದೆ, ಎಡಗೈಯ ಕಿರುಬೆರಳು ಇನ್ನೂ ಬೇರೆ ಯಾರದ್ದೋ ಮಾತು ಕೇಳುತ್ತದೆ. ಅದೆಲ್ಲ ಲೆಕ್ಕಕ್ಕಿಲ್ಲ. ತಲೆ ಮಾತ್ರ ಸರಿ ಉಂಟು. ಶುಕ್ರವಾರ ಖೈತಾನಿನಲ್ಲಿ ಕಬಡ್ಡಿ ಆಡುವ ನಮ್ಮ ಊರಿನ ಹುಡುಗರು "ಇಬ್ರಾಹಿಂ ಕಾಕ, ನಮ್ಮನ್ನೂ ನಿಮ್ಮ ಟೀಮಿಗೆ ಸೇರಿಸಿ" ಎಂದು ದುಂಬಾಲು ಬೀಳುತ್ತಾರೆ. ಸೇರುವ ಮೊದಲು ಈ ತಲೆ ಹೇಗೆ ಉಳಿಯಿತು ಎಂದು ಅವರು ತಿಳಿದುಕೊಳ್ಳಬೇಕು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಕುವೈತಿಗೆ ಬಂದದ್ದು ಶುವೈಖಿನ ಒಂದು ಗೋಡೌನಿಗೆ ಸ್ಟೋರ್ ಕೀಪರ್ ಆಗಿ. ಊರಿನಲ್ಲಿ, ಅಂದರೆ ಉಳ್ಳಾಲದ ಹತ್ತಿರ, ಕಬಡ್ಡಿಯಲ್ಲಿ ಕಾರ್ನರ್‌ನಲ್ಲಿ ನಿಂತು ರೈಡರ್‌ಗಳ ಕಾಲು ಹಿಡಿಯುವುದರಲ್ಲಿ ನನಗೆ ಸ್ವಲ್ಪ ಹೆಸರಿತ್ತು. ಇಲ್ಲಿಯೂ ಶುಕ್ರವಾರದ ನಮಾಜು ಮುಗಿಸಿ, ಊಟ ಮಾಡಿ, ಬಿಸಿಲು ಇಳಿದ ಮೇಲೆ ಖೈತಾನಿನ ಖಾಲಿ ಜಾಗದಲ್ಲಿ ಆಡುತ್ತಿದ್ದೆವು. ನನ್ನ ಪಕ್ಕದಲ್ಲಿ ಹೆಜಮಾಡಿಯ ಪ್ರಶಾಂತ್ ಶೆಟ್ಟಿ ನಿಲ್ಲುತ್ತಿದ್ದ. ನಮ್ಮದೇ ಕಂಪನಿಯಲ್ಲಿ ಎಸಿ ರಿಪೇರಿ ಮಾಡುವವ. ಎಮ್ಮೆಯ ಹಾಗೆ ಶಾಂತ, ಆದರೆ ಕೈಗೆ ಸಿಕ್ಕಿದವರನ್ನು ಬಿಡುವವನಲ್ಲ. ಕರಾವಳಿಯ ಮುಸ್ಲಿಮನಾದ ನನ್ನನ್ನು ಅವನು "ಬ್ಯಾರಿಗಳೇ" ಎಂದು ಕರೆಯುವುದು, ನಾನು "ಶೆಟ್ರೇ" ಎನ್ನುವುದು, ಇಬ್ಬರಿಗೂ ಗೌರವ ಕೊಟ್ಟು ಕೀಟಲೆ ಮಾಡುವ ಚಟ.

ಒಂದು ಶುಕ್ರವಾರ ದೊಡ್ಡ ಕಾರೊಂದು ಬಂದು ನಿಂತಿತು. ಇಳಿದವನು ನಮ್ಮ ಕಂಪನಿ ಮಾಲೀಕ ಅಬು ಯೂಸುಫರ ಮಗ ಯೂಸುಫ್. ಅಮೆರಿಕಕ್ಕೆ ಓದಲಿಕ್ಕೆಂದು ಹೋಗಿ ಅಲ್ಲಿಂದ ಈ ಆಟದ ಹುಚ್ಚು ಹತ್ತಿಸಿಕೊಂಡು ಬಂದಿದ್ದ. ಒಂದು ತಂಡ ಕಟ್ಟುತ್ತಿದ್ದಾನೆ ಎಂದು ಗೋಡೌನಿನಲ್ಲಿ ಸುದ್ದಿ ಇತ್ತು. ಅವನು ನೋಡುತ್ತಾ ನಿಂತಿದ್ದಾಗಲೇ ನಾನು ಒಬ್ಬ ರೈಡರ್‌ನ ಪಾದ ಹಿಡಿದೆ, ಶೆಟ್ಟಿ ಸೊಂಟ ಹಿಡಿದ, ಆ ಬಡಪಾಯಿ ಮರಳಿನಲ್ಲಿ ಮುಳುಗಿ ಹೋದ. ಯೂಸುಫ್ ಚಪ್ಪಾಳೆ ತಟ್ಟಿ ಓಡಿ ಬಂದ.

"ಭಾಯಿ, ಹೆಲ್ಮೆಟ್ ಇಲ್ಲದೆ ಹೀಗೆ ಕೆಡವುತ್ತೀರಲ್ಲ! ಹೆಲ್ಮೆಟ್ ಕೊಟ್ಟರೆ ಎಂತ ಮಾಡಬಹುದು ನೀವು?"

ಶೆಟ್ಟಿ ನಿಧಾನಕ್ಕೆ ಹೇಳಿದ, "ಹೆಲ್ಮೆಟ್ ಕೊಟ್ರೆ ಬೈಕಲ್ಲಿ ಹೋಗ್ಬಹುದು ಸರ್."

ಹೀಗೆ ನಮ್ಮ ವೃತ್ತಿ ಶುರುವಾಯಿತು. ಬೆಳಿಗ್ಗೆ ಗೋಡೌನು, ಸಂಜೆಯ ಮಗ್ರಿಬ್ ನಮಾಜು ಆದ ಮೇಲೆ ಗ್ರೌಂಡು. ಆಟಕ್ಕೂ ಸಂಬಳ ಕೊಡುತ್ತಿದ್ದರು, ಆದ್ದರಿಂದ ವೃತ್ತಿ ಎಂದು ಎದೆ ತಟ್ಟಿ ಹೇಳುತ್ತೇನೆ. ಇಕಾಮಾದಲ್ಲಿ, ಅಂದರೆ ಇಲ್ಲಿ ವಾಸಕ್ಕೆ ಕೊಡುವ ಕಾರ್ಡಿನಲ್ಲಿ, ಮಾತ್ರ ಕೊನೆಯವರೆಗೂ ಸ್ಟೋರ್ ಕೀಪರ್. ಒಮ್ಮೆ ಭುಜ ಜಾರಿ ಕ್ಲಿನಿಕ್ಕಿಗೆ ಹೋದಾಗ ಅಲ್ಲಿದ್ದ ನರ್ಸ್ ನನ್ನ ಇಕಾಮಾ ನೋಡಿದಳು, ನನ್ನ ಕಿವಿಯಿಂದ ಉದುರುತ್ತಿದ್ದ ಹುಲ್ಲು ನೋಡಿದಳು. ನಮ್ಮ ಮಂಗಳೂರಿನ ಕೊಂಕಣಿ ಹುಡುಗಿ. "ಅಂಕಲ್, ಯಾವ ಸ್ಟೋರಲ್ಲಿ ಇಷ್ಟು ಹುಲ್ಲು ಇಡ್ತಾರೆ?" ಎಂದಳು.

ನಮಗೆ ಕಲಿಸಲಿಕ್ಕೆ ಬಂದವನು ಕೋಚ್ ಮಾರ್ಕಸ್. ಅಮೆರಿಕದಲ್ಲಿ ವರ್ಷಗಟ್ಟಲೆ ಇದೇ ಆಟವನ್ನು ಹೊಟ್ಟೆಪಾಡಿಗೆ ಆಡಿದವನು, ಅವನೂ ಲೈನ್‌ಬ್ಯಾಕರೇ. ಆಟ ಬಿಟ್ಟ ಮೇಲೆ ಯಾವುದೋ ಸೆಕ್ಯುರಿಟಿ ಕೆಲಸಕ್ಕೆಂದು ಕುವೈತಿಗೆ ಬಂದು, ಮಂಗಫ್‌ನ ಒಂದು ಫ್ಲಾಟಿನಲ್ಲಿ ಒಬ್ಬನೇ ಇದ್ದ. ಬಾಗಿಲು ತುಂಬುವ ಆಸಾಮಿ. ಕೈ ಚಾಚಿದರೆ ಐದು ಬೆರಳು ಐದು ದಿಕ್ಕಿಗೆ. ಕುರ್ಚಿಯಿಂದ ಏಳುವಾಗ ಎರಡೂ ಮಂಡಿಯಿಂದ ಹಪ್ಪಳ ಮುರಿದ ಸದ್ದು ಬರುತ್ತಿತ್ತು. ನಮ್ಮನ್ನೆಲ್ಲ ಅವನು "ಬಿಗ್ ಮ್ಯಾನ್" ಎಂದೇ ಕರೆಯುತ್ತಿದ್ದ. ಅವನ ಇಂಗ್ಲಿಷನ್ನು ನಾನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ, ಬಯ್ಗುಳ ಬಿಟ್ಟು.

ಮೊದಲ ಮ್ಯಾಚಿನಲ್ಲಿ ನಾನು ಮಾಡಿದ ಎಡವಟ್ಟು ಇವತ್ತಿಗೂ ಕುವೈತಿನಲ್ಲಿ ಮೂರು ಭಾಷೆಯಲ್ಲಿ ಚಾಲ್ತಿಯಲ್ಲಿದೆ. ಎದುರು ತಂಡದವನೊಬ್ಬ ಚೆಂಡು ಹಿಡಿದು ನನ್ನ ಕಡೆಗೆ ನುಗ್ಗಿದ. ನಾನು ಹಿಡಿಯಲಿಕ್ಕೆ ಹೋದೆ, ಅವನು ನನ್ನ ಭುಜ ಸವರಿಕೊಂಡು ತಪ್ಪಿಸಿಕೊಂಡ. ಕಬಡ್ಡಿಯಲ್ಲಿ ರೈಡರ್ ಮುಟ್ಟಿ ಪಾರಾದನೆಂದರೆ ಮುಟ್ಟಿಸಿಕೊಂಡವನು ಔಟ್. ಅಷ್ಟು ವರ್ಷದ ಅಭ್ಯಾಸ ನೋಡಿ, ಕಾಲು ತಾನಾಗಿಯೇ ತಿರುಗಿತು. ನಾನು ತಲೆ ತಗ್ಗಿಸಿ, ಮೈದಾನದ ಗೆರೆ ದಾಟಿ, ಹೊರಗೆ ಹೋಗಿ ಕೈಕಟ್ಟಿ ನಿಂತೆ.

ಹನ್ನೊಂದು ಜನ ಇರಬೇಕಾದಲ್ಲಿ ಒಳಗೆ ನಮ್ಮವರು ಹತ್ತೇ ಜನ. ಕೋಚ್ ಕಣ್ಣು ಕೆಂಪು ಮಾಡಿಕೊಂಡು ಬಂದ. "ಬಿಗ್ ಮ್ಯಾನ್, ಪೆಟ್ಟಾಯಿತಾ?"

"ಇಲ್ಲ ಕೋಚ್."

"ಮತ್ತೆ ಇಲ್ಲಿ ಎಂತ ಮಾಡುತ್ತಿದ್ದೀ?"

"ಔಟಾದೆ ಕೋಚ್. ನಮ್ಮವರು ಯಾರಾದರೂ ಒಬ್ಬನನ್ನು ಹಿಡಿದರೆ ಒಳಗೆ ಬರುತ್ತೇನೆ."

ಕೋಚ್ ಆಕಾಶ ನೋಡಿದ. ಆಮೇಲೆ ನನ್ನ ಹೆಲ್ಮೆಟ್ಟಿನ ಮುಂದಿನ ಸರಳು ಹಿಡಿದು, ಕೋಣವನ್ನು ಗದ್ದೆಗೆ ಇಳಿಸುವಂತೆ ಎಳೆದುಕೊಂಡು ಹೋಗಿ ಮಧ್ಯದಲ್ಲಿ ನಿಲ್ಲಿಸಿದ. ಅಷ್ಟರಲ್ಲಿ ಅವರು ಗೆರೆ ದಾಟಿ ಅಂಕ ಗಳಿಸಿ, ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅದೇ ಮ್ಯಾಚಿನ ಕೊನೆಯಲ್ಲಿ ಮಾನ ಉಳಿಸಿಕೊಳ್ಳಬೇಕೆಂದು ನಾನು, ಶೆಟ್ಟಿ ಇನ್ನೊಂದು ಕೆಲಸ ಮಾಡಿದೆವು. ಚೆಂಡಿನವನು ನಮ್ಮಿಬ್ಬರ ನಡುವೆ ನುಗ್ಗುವುದು ಗ್ಯಾರಂಟಿ ಎಂದು ಗೊತ್ತಾಯಿತು. ಒಬ್ಬರನ್ನೊಬ್ಬರು ನೋಡಿಕೊಂಡು ಟಕ್ಕನೆ ಕೈ ಕೈ ಹಿಡಿದು ಚೈನ್ ಹಾಕಿದೆವು. ಅವನು ಬಂದು ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿದವನ ಹಾಗೆ ಸಿಕ್ಕಿ ಮಡಚಿ ಬಿದ್ದ. ರೆಫ್ರಿ ಸೀಟಿ ಊದಿದರು, ಆದರೆ ಏನು ತಪ್ಪು ಎಂದು ಹೇಳಲಿಕ್ಕೆ ಅವರಿಗೇ ಗೊತ್ತಾಗಲಿಲ್ಲ. ನಾಲ್ವರು ರೆಫ್ರಿಗಳು ಸೇರಿ ತುಂಬ ಹೊತ್ತು ಚರ್ಚೆ ಮಾಡಿದರು. ಅಷ್ಟು ಹೊತ್ತೂ ನಾವಿಬ್ಬರು ಕೈ ಬಿಡಲಿಲ್ಲ, ಬಿಟ್ಟರೆ ಪಾಯಿಂಟ್ ಹೋಗಬಹುದು ಅಂತ. ಕೊನೆಗೆ "ಇದರಲ್ಲಿ ತಪ್ಪೇನಿಲ್ಲ, ಆದರೆ ನೋಡಲಿಕ್ಕೆ ಚೆಂದವಿಲ್ಲ" ಎಂದರು.

ಮಾಲೀಕರು ಅಬು ಯೂಸುಫರು ಒಂದೇ ಒಂದು ಸಲ ಆಟ ನೋಡಲಿಕ್ಕೆ ಬಂದಿದ್ದರು. ತುಂಬ ಒಳ್ಳೆಯ ಮನುಷ್ಯ, ಆದರೆ ಈ ಆಟ ಐದು ಸೆಕೆಂಡು ಆಡಿ ಅರ್ಧ ನಿಮಿಷ ನಿಲ್ಲುವುದು ಅವರಿಗೆ ಸಹಿಸಲಿಕ್ಕೇ ಆಗುತ್ತಿರಲಿಲ್ಲ. ಗೋಡೌನಿನಲ್ಲಿ ಲಾರಿಗೆ ಮಾಲು ತುಂಬುವವರು ನಿಂತರೆ ಹೇಗೆ ಕೂಗುತ್ತಿದ್ದರೋ ಹಾಗೆಯೇ "ಯಲ್ಲಾ! ಯಲ್ಲಾ! ಯಾಕೆ ನಿಂತಿರಿ?" ಎಂದು ಕೂಗಿ ಕೂಗಿ ಗಂಟಲು ಕೂರಿಸಿಕೊಂಡರು. ಮುಗಿದ ಮೇಲೆ ನನ್ನನ್ನು ಕರೆದು, "ಇಬ್ರಾಹಿಂ, ಒಂದು ಚೆಂಡಿಗೆ ಇಷ್ಟು ಜಗಳ ಯಾಕೆ? ಎಲ್ಲರಿಗೂ ಒಂದೊಂದು ತೆಗೆಸಿ ಕೊಡುತ್ತೇನೆ" ಎಂದರು. ತಮಾಷೆಗೋ ನಿಜಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಎರಡನೇ ವರ್ಷ ಕೋಚ್ ನನಗೆ ಮಧ್ಯದ ಜಾಗ ಕೊಟ್ಟ. ಅಂದರೆ ಕೂಗಿ ಹೇಳುವ ಜವಾಬ್ದಾರಿ ನನ್ನದು. ಇಂಗ್ಲಿಷಿನಲ್ಲಿ ಕೂಗಿದರೆ ಎದುರಿನವರಿಗೂ ತಿಳಿಯುತ್ತದೆ, ಅರಬಿಯಲ್ಲಿ ಕೂಗಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಾನು, ಶೆಟ್ಟಿ ಕೂತು ಊರಿನ ತಿಂಡಿ, ಮೀನುಗಳ ಹೆಸರು ಇಟ್ಟೆವು. ಎಲ್ಲರೂ ತೆಳ್ಳಗೆ ಹರಡಿಕೊಂಡು ಹಿಂದೆ ಹೋಗಬೇಕಾದರೆ "ನೀರುದೋಸೆ". ಎಲ್ಲರೂ ಮಧ್ಯದಲ್ಲಿ ಉಂಡೆಯಾಗಬೇಕಾದರೆ "ಗೋಳಿಬಜೆ". ಎಲ್ಲರೂ ಒಟ್ಟಿಗೆ ಎದುರಿನವರ ಮೇಲೆ ನುಗ್ಗಬೇಕಾದರೆ "ಬಂಗುಡೆ", ಮೀನು ಮಾರುಕಟ್ಟೆಗೆ ಬಂಗುಡೆ ಬಂದಾಗ ಜನ ನುಗ್ಗುವ ಹಾಗೆ. ನಮ್ಮ ತಂಡದ ಲೆಬನಾನಿನವರು, ಫಿಲಿಪೈನ್ಸಿನವರು, ಕುವೈತಿನವರು ಎಲ್ಲ ಒಂದೇ ವಾರದಲ್ಲಿ ಕಲಿತರು. ಯೂಸುಫ್ ಅಂತೂ ಮನೆಯಲ್ಲಿಯೂ "ಗೋಳಿಬಜೆ" ಎಂದು ಕೂಗಿ ತಾಯಿಯನ್ನು ಗಾಬರಿ ಮಾಡಿದನಂತೆ.

ಒಂದಿಡೀ ವರ್ಷ ಗಮ್ಮತ್ತಾಗಿ ನಡೆಯಿತು. ಮುಂದಿನ ವರ್ಷ ಒಂದು ತಂಡದ ಎದುರು ಎಂತ ಕೂಗಿದರೂ ಅವರಿಗೆ ಮೊದಲೇ ಗೊತ್ತಾಗುತ್ತಿತ್ತು. ನೀರುದೋಸೆ ಎಂದರೆ ಮಧ್ಯದಲ್ಲಿ ಓಡುತ್ತಾರೆ, ಗೋಳಿಬಜೆ ಎಂದರೆ ಬದಿಯಲ್ಲಿ ಓಡುತ್ತಾರೆ. ಮಂಡೆ ಬಿಸಿಯಾಯಿತು. ಅರ್ಧ ಆಟದ ವಿರಾಮದಲ್ಲಿ ಅವರ ಬೆಂಚಿನಿಂದ ಒಬ್ಬ ಹೆಲ್ಮೆಟ್ ತೆಗೆದು ನನ್ನತ್ತ ಕೈ ಬೀಸಿದ.

"ಬ್ಯಾರಿಗಳೇ, ನಂದು ಕಾರ್ಕಳ! ನೀರುದೋಸೆ ಹರಡ್ದೆ ಮತ್ತೆಂತ ಮಾಡ್ತದೆ? ಇದಕ್ಕೆಲ್ಲ ಗುಟ್ಟು ಬೇರೆಯಾ?"

ಶೆಟ್ಟಿ ನೆಲದಲ್ಲಿ ಉರುಳಾಡಿ ನಕ್ಕ. ನಾವು ಇಟ್ಟ ಹೆಸರು ಅಷ್ಟು ಸರಿಯಾಗಿತ್ತು, ಅದೇ ತಪ್ಪು. ಕೂಡಲೇ ಎಲ್ಲ ಹೆಸರೂ ಅದಲುಬದಲು ಮಾಡಿದೆವು. ಆದರೆ ಅರ್ಧ ಜನ ಹೊಸ ಅರ್ಥಕ್ಕೆ ನುಗ್ಗಿದರು, ಅರ್ಧ ಜನ ಹಳೆಯ ಅರ್ಥಕ್ಕೆ ಹರಡಿದರು. ಆ ದಿನ ಸೋತದ್ದು ಹೇಗೆ ಎಂದು ಬಿಡಿಸಿ ಹೇಳುವ ಅಗತ್ಯ ಇಲ್ಲ.

ಇನ್ನೊಮ್ಮೆ ಧೂಳಿನ ಗಾಳಿ ಎದ್ದ ದಿನ. ಆಕಾಶ, ನೆಲ ಎಲ್ಲ ಅರಿಶಿನ ಕಲಸಿದಂತೆ. ನಿಲ್ಲಿಸಿ ಎಂದು ಯಾರಾದರೂ ಹೇಳುವ ಮೊದಲು ಒಂದು ಆಟ ಶುರುವಾಗಿಬಿಟ್ಟಿತ್ತು. ನನ್ನ ಎದುರು ಒಂದು ಆಕೃತಿ ಓಡಿ ಬಂತು. ಬಿಡಲಿಲ್ಲ, ಕಾಲಿಗೆ ಹಾರಿ ಹಿಡಿದೆ, ಮಲಗಿಸಿದೆ, ಸೀಟಿ ಕೇಳುವ ತನಕ ಬಿಡಬಾರದೆಂದು ಬಿಗಿ ಹಿಡಿದೆ. ಸೀಟಿಯೇ ಕೇಳಲಿಲ್ಲ. ಕೇಳುವುದು ಹೇಗೆ, ಸೀಟಿ ಇದ್ದದ್ದು ನನ್ನ ಅಡಿಯಲ್ಲಿದ್ದವರ ಬಾಯಲ್ಲಿ! ಈಜಿಪ್ಟಿನ ಆ ರೆಫ್ರಿ ಸಾಹೇಬರು ಆಮೇಲೆ ಎಲ್ಲಿ ಸಿಕ್ಕಿದರೂ ನನ್ನಿಂದ ದೂರ ನಿಂತೇ ಸಲಾಂ ಹೇಳುತ್ತಿದ್ದರು.

ಇಷ್ಟೆಲ್ಲ ನಗಾಡಿಕೊಂಡು ಹೇಳಿದೆ. ಈಗ ಕೋಚ್‌ನ ವಿಷಯ.

ಅವನು ನಮ್ಮನ್ನು "ಬಿಗ್ ಮ್ಯಾನ್" ಎನ್ನುವುದು ಪ್ರೀತಿಗೆ ಎಂದು ನಾವು ತಿಳಿದುಕೊಂಡಿದ್ದೆವು. ಪ್ರೀತಿಯೂ ಇತ್ತು. ಆದರೆ ನಿಜ ಸಂಗತಿ ಎಂದರೆ ಅವನಿಗೆ ಹೆಸರುಗಳು ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಪ್ರಾಕ್ಟೀಸ್ ಮುಗಿದು ಎಲ್ಲರೂ ಹೋದ ಮೇಲೆ ಅವನು ಪಾರ್ಕಿಂಗಿನಲ್ಲಿ ಸುತ್ತುತ್ತಿದ್ದ, ಕೀ ಕೈಯಲ್ಲಿ. ಕಾರು ಎಲ್ಲಿ ಇಟ್ಟಿದ್ದೇನೆ ಎಂದು ನೆನಪಿಲ್ಲ. ನಾನು, ಶೆಟ್ಟಿ ಜೊತೆಗೆ ಹುಡುಕಿದೆವು. ಕಾರು ಸಿಕ್ಕಲೇ ಇಲ್ಲ, ಯಾಕೆಂದರೆ ಅವನು ಆ ದಿನ ಟ್ಯಾಕ್ಸಿಯಲ್ಲಿ ಬಂದಿದ್ದ. ಅವನು ಗಹಗಹಿಸಿ ನಕ್ಕ, ನಾವೂ ನಕ್ಕೆವು. ಅವನನ್ನು ನಾವೇ ಮಂಗಫ್‌ನ ಫ್ಲಾಟಿನ ಬಾಗಿಲ ತನಕ ಬಿಟ್ಟು ಬಂದೆವು.

ಕೋಚ್‌ನ ಕಾಲದಲ್ಲಿ ತಲೆಯಿಂದಲೇ ಡಿಕ್ಕಿ ಹೊಡೆಯುವುದು ಕ್ರಮವಾಗಿತ್ತಂತೆ. ಹೆಲ್ಮೆಟ್ ಇದೆಯಲ್ಲ, ಹೆದರಿಕೆ ಯಾಕೆ ಅಂತ. ಬಿದ್ದವನು ಎದ್ದು ನಿಂತರೆ ಆಯಿತು, ಮತ್ತೆ ಆಟ. ನಮಗೂ ಮೊದಲ ಕೆಲವು ವರ್ಷ ಅವನು ಹಾಗೆಯೇ ಕಲಿಸಿದ. ನನಗೆ ಅದು ಇಷ್ಟವೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿದಾಗ ಬರುವ ಆ "ಠಳ್" ಶಬ್ದಕ್ಕೆ ನೋಡುವವರು ಎದ್ದು ನಿಂತು ಕೂಗುತ್ತಿದ್ದರು. ಕಬಡ್ಡಿಯಲ್ಲಿ ನನಗೆ ಯಾರೂ ಹಾಗೆ ಕೂಗಿರಲಿಲ್ಲ.

ಆಮೇಲೆ ಒಂದು ದಿನ ಅವನೇ ಪದ್ಧತಿ ಬದಲಾಯಿಸಿದ. ನಮ್ಮಿಬ್ಬರನ್ನು ಕರೆದು, "ಆ ನಿಮ್ಮ ಊರಿನ ಆಟ ತೋರಿಸಿ" ಎಂದ. ಹೆಲ್ಮೆಟ್ ತೆಗೆಸಿ, ಚಾಪೆ ಹಾಸಿ, ಇಡೀ ತಂಡಕ್ಕೆ ನಾವು ಕಬಡ್ಡಿ ಆಡಿ ತೋರಿಸಿದೆವು. ಹೆಲ್ಮೆಟ್ ಇಲ್ಲದವನು ತಲೆ ಕೊಡುವುದಿಲ್ಲ ನೋಡಿ. ತಲೆ ಬದಿಗೆ ಇಟ್ಟು, ಭುಜ ಕೊಟ್ಟು, ತೊಡೆ ತಬ್ಬಿ, ಪಾದ ಎಳೆದು ಕೆಡವುತ್ತಾನೆ. ಕೋಚ್ ಚಾಪೆಯ ಪಕ್ಕದಲ್ಲಿ ಕೂತು ಮತ್ತೆ ಮತ್ತೆ ಮಾಡಿಸಿ ನೋಡಿದ. ಅವತ್ತಿನಿಂದ ವಾರಕ್ಕೆರಡು ಸಲ ಎಲ್ಲರಿಗೂ ಕಬಡ್ಡಿ ಕಡ್ಡಾಯ.

"ನನಗೆ ಇದನ್ನು ಇಪ್ಪತ್ತನೇ ವಯಸ್ಸಿನಲ್ಲಿ ಯಾರಾದರೂ ಕಲಿಸಿದ್ದರೆ ನನ್ನ ಕಾರು ಎಲ್ಲಿದೆ ಎಂದು ನನಗೆ ಗೊತ್ತಿರುತ್ತಿತ್ತು" ಎಂದ.

ಎಲ್ಲರೂ ನಕ್ಕರು. ನಾನು ಚಾಪೆ ಮಡಚಲಿಕ್ಕೆ ಹೋದೆ.

ಆದರೂ ಮ್ಯಾಚಿನ ಬಿಸಿಯಲ್ಲಿ ಹಳೆಯ ಅಭ್ಯಾಸ ಮೇಲೆ ಬರುತ್ತದೆ. ಹಾಗೆ ನನಗೆ ತಲೆಗೆ ಎರಡು ಸಲ ದೊಡ್ಡ ಪೆಟ್ಟು ಬಿತ್ತು. ಮೊದಲನೆಯದರಲ್ಲಿ ಎರಡು ದಿನ ವಾಂತಿ. ಎರಡನೆಯದರಲ್ಲಿ ವಾರಗಟ್ಟಲೆ ಬೆಳಕು ನೋಡಲಿಕ್ಕೆ ಆಗಲಿಲ್ಲ, ಖೈತಾನಿನ ಮನೆಯಲ್ಲಿ ಪರದೆ ಎಳೆದು ಮಲಗಿದ್ದೆ. ಡಾಕ್ಟರು, "ಇನ್ನೊಂದು ಬಿದ್ದರೆ ಆಟ ಖಲಾಸ್ ಮಾಡಬೇಕು. ಇಲ್ಲದಿದ್ದರೆ ಅದು ನಿಮ್ಮನ್ನು ಖಲಾಸ್ ಮಾಡುತ್ತದೆ" ಎಂದರು. ನನ್ನ ಹೆಂಡತಿ ಮುಮ್ತಾಜ್ ಪಕ್ಕದಲ್ಲೇ ಕೂತಿದ್ದಳು. ಖೈತಾನಿನ ಇಂಡಿಯನ್ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಟೀಚರ್. ಹಠಮಾರಿಗಳ ಜೊತೆ ಮಾತಾಡುವುದು ಅವಳಿಗೆ ದಿನದ ಕೆಲಸ.

"ನೋಡಿ, ನಾನು ಆಡಬೇಡಿ ಅಂತ ಹೇಳುದಿಲ್ಲ" ಎಂದಳು ಮನೆಗೆ ಬಂದ ಮೇಲೆ. "ಇಷ್ಟ ಬಂದಷ್ಟು ಮೂಗು ಮುರಿಸಿಕೊಳ್ಳಿ, ನಿಮ್ಮ ಮೂಗು ಮೊದಲೂ ಅಷ್ಟಕ್ಕಷ್ಟೇ. ಆದ್ರೆ ಶಿಫಾ ದೊಡ್ಡವಳಾಗಿ ಬಂದು ಉಪ್ಪಾ ಅಂತ ಕರೆಯುವಾಗ, ಇವಳು ಯಾರು ಅಂತ ನೀವು ನನ್ನ ಮುಖ ನೋಡ್ಬಾರ್ದು. ಅದೊಂದು ನಂಗೆ ಬೇಡ."

ಶಿಫಾ ನಮ್ಮ ಮಗಳು. ಅವಳಿಗೆ ಬ್ಯಾರಿ ಭಾಷೆಯೂ ಕನ್ನಡವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಪ್ರಾಮಿಸ್, ಉಪ್ಪಾ?" ಎಂದಳು. ಮೂರನೆಯದು ಬಿದ್ದರೆ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟೆ.

ಮಾತು ಕೊಡುವುದು ಸುಲಭ. ನನಗೆ ಬೇಕಾಗಿದ್ದದ್ದು ಒಂದೇ, ಲೀಗಿನ ಕಪ್ಪು. ಅಷ್ಟು ವರ್ಷ ಆಡಿಯೂ ನಾವು ಒಂದು ಸಲವೂ ಗೆದ್ದಿರಲಿಲ್ಲ. ಮೂವತ್ತೆಂಟನೇ ವಯಸ್ಸಿನಲ್ಲಿ ನಮ್ಮ ತಂಡ ಸೆಮಿಫೈನಲ್ ತಲುಪಿತು. ಆ ಸಲ ಎಲ್ಲರೂ ಒಂದೇ ಮನಸ್ಸಿನಿಂದ ಆಡುತ್ತಿದ್ದರು, ನೀರುದೋಸೆ ಎಂದರೆ ಎಂತ ಎಂದು ಎಲ್ಲರಿಗೂ ನೆನಪಿತ್ತು. ಇದೇ ನನ್ನ ಕೊನೆಯ ವರ್ಷ, ಕಪ್ಪು ಎತ್ತಿ ಮರ್ಯಾದೆಯಿಂದ ಇಳಿಯುತ್ತೇನೆ ಎಂದು ನಿಶ್ಚಯ ಮಾಡಿಕೊಂಡಿದ್ದೆ.

ಸೆಮಿಫೈನಲ್ ಮುಗಿಯಲಿಕ್ಕೆ ಸ್ವಲ್ಪವೇ ಉಳಿದಿತ್ತು, ನಾವು ಮುಂದಿದ್ದೆವು. ಚೆಂಡಿನವನು ಬಂದ. ನಾನು ಭುಜವನ್ನೇ ಕೊಟ್ಟೆ, ಕಬಡ್ಡಿಯಲ್ಲಿ ಕೊಡುವ ಹಾಗೆಯೇ. ಆದರೆ ಬೀಳುವಾಗ ಅವನ ಮಂಡಿ ನನ್ನ ಕಿವಿಯ ಹತ್ತಿರ ಬಡಿಯಿತು. ಯಾರದ್ದೂ ತಪ್ಪಲ್ಲ. ದೂರದಲ್ಲಿ ಎಲ್ಲೋ ಹಳೆಯ ಫ್ರಿಜ್ ಓಡುವಂತೆ ಗುಂಯ್ ಎಂದಿತು. ಎದ್ದೆ. ಕೈ ಎತ್ತಿ ಎಲ್ಲ ಸರಿ ಎಂದು ತೋರಿಸಿದೆ. ಅಷ್ಟರಲ್ಲಿ ಕೋಚ್ ಆಟ ನಿಲ್ಲಿಸಿ ನನ್ನನ್ನು ಹೊರಗೆ ಕರೆದಿದ್ದ.

ತಲೆಗೆ ಪೆಟ್ಟು ಬಿದ್ದವನಿಗೆ ಕೇಳುವ ಪ್ರಶ್ನೆಗಳಿವೆ: ಯಾವ ಗ್ರೌಂಡು, ಎದುರಿಗೆ ಯಾರು, ಸ್ಕೋರ್ ಎಷ್ಟು. ಎಲ್ಲ ಆಟಗಾರರೂ ಉತ್ತರ ಬಾಯಿಪಾಠ ಮಾಡಿಯೇ ಇಳಿಯುತ್ತಾರೆ. ಯೂಸುಫ್ ಕೇಳಿದ, ನಾನು ಪಟಪಟನೆ ಹೇಳಿದೆ. "ಎಲ್ಲ ಸರಿ ಇದೆ ಕೋಚ್!" ಎಂದು ಯೂಸುಫ್ ಖುಷಿಪಟ್ಟ.

"ಸರಿಯಾ ತಪ್ಪಾ ನನಗೇ ಗೊತ್ತಿಲ್ಲ" ಎಂದ ಕೋಚ್. "ಸ್ಕೋರ್ ಎಷ್ಟು ಅಂತ ನನ್ನನ್ನು ಕೇಳಬೇಡ. ಆದರೆ ಬಿಗ್ ಮ್ಯಾನ್, ನೀನು ಏಳುವಾಗ ಹುಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡು ಎದ್ದೆ. ನೆಲ ಜಾರಿ ಹೋಗುತ್ತದೆ ಅನ್ನುವ ಹಾಗೆ. ನಾನೂ ಹಾಗೇ ಏಳುತ್ತಿದ್ದೆ."

"ನನಗೇನೂ ಆಗಿಲ್ಲ ಕೋಚ್, ಬಿಡಿ, ಒಳಗೆ ಹೋಗಬೇಕು!"

ಅವನು ನನ್ನ ಕೈಯಿಂದ ಹೆಲ್ಮೆಟ್ ಕಿತ್ತುಕೊಂಡ. ಎಲ್ಲಿ ಇಟ್ಟರೂ ನಾನು ಎತ್ತಿಕೊಂಡು ಓಡುತ್ತೇನೆ ಎಂದು ಅವನಿಗೆ ಗೊತ್ತಿತ್ತು, ಅವನೂ ಹಾಗೆಲ್ಲ ಓಡಿದವನೇ. ಅದಕ್ಕೆ ತನ್ನ ತಲೆಗೇ ಹಾಕಿಕೊಂಡ. ಆ ಬೃಹತ್ ತಲೆಗೆ ಅದು ಕಿವಿಯವರೆಗೆ ಇಳಿದು ಅಲ್ಲೇ ಕಚ್ಚಿಕೊಂಡಿತು. ಆಟ ಮುಗಿಯುವ ತನಕ ಹಾಗೆಯೇ ಬೆಂಚಿನಲ್ಲಿ ಕೂತಿದ್ದ, ಕೈ ಕಟ್ಟಿಕೊಂಡು, ಅನ್ನದ ಪಾತ್ರೆಗೆ ತಲೆ ತೂರಿಸಿದ ಬೆಕ್ಕಿನ ಹಾಗೆ. ನನಗೆ ಸಿಟ್ಟು, ಅಳು, ನಗು ಮೂರೂ ಒಟ್ಟಿಗೆ ಬಂದವು. ನನ್ನ ಜಾಗಕ್ಕೆ ಶೆಟ್ಟಿ ಹೋದ, ಅಷ್ಟು ವರ್ಷದಲ್ಲಿ ಮೊದಲ ಸಲ ಗಂಟಲು ತೆರೆದು "ಬಂಗುಡೆ" ಎಂದು ಕೂಗಿದ. ನಾವು ಗೆದ್ದೆವು, ಫೈನಲ್ ತಲುಪಿದೆವು.

ಹೆಲ್ಮೆಟ್ ಮಾತ್ರ ಬರಲಿಲ್ಲ. ಯೂಸುಫ್ ಎಳೆದ, ಶೆಟ್ಟಿ ಎಳೆದ. ಕೊನೆಗೆ ಮುಮ್ತಾಜ್ ಮೇಲಿನ ಗ್ಯಾಲರಿಯಿಂದ ಇಳಿದು ಬಂದು, ಬ್ಯಾಗಿನಿಂದ ಕ್ರೀಮ್ ತೆಗೆದು ಅವನ ಕಿವಿಗೆಲ್ಲ ಹಚ್ಚಿ, ಮಕ್ಕಳ ಸ್ವೆಟರ್ ತೆಗೆಯುವಂತೆ ಉಪಾಯದಿಂದ ಬಿಡಿಸಿದಳು.

"ನನ್ನ ಗಂಡನಿಗೆ ಆಟ ಮುಗಿಯಿತಾ ಕೋಚ್?" ಎಂದು ಕೇಳಿದಳು.

"ಮುಗಿಯಿತು. ಇವನ ಕೊನೆಯ ಆಟ ಇದೇ" ಎಂದ ಕೋಚ್. ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಮನೆಯಲ್ಲಿ ಮುಮ್ತಾಜ್ ಅಕ್ಕಿರೊಟ್ಟಿಯಂಥ ಪತ್ತಿರ್, ಕೋಳಿ ಸುಕ್ಕ ಮಾಡಿದಳು, ಹಬ್ಬದ ಹಾಗೆ. ನಾನು ಮುಖ ಊದಿಸಿಕೊಂಡು ಮೂರು ತಟ್ಟೆ ತಿಂದೆ. ಫೈನಲ್‌ಗೆ ಒಂದು ಕಾಲಿಟ್ಟಾಗ ತೆಗೆದು ಹಾಕಿದನಲ್ಲ ಎಂದು ವಾರವಿಡೀ ಕುದಿಯುತ್ತಿದ್ದೆ. ಗೋಡೌನಿನಲ್ಲಿ ಬಗ್ಗಿ ಕಾರ್ಟನ್ ಎತ್ತಿದರೆ ಕಣ್ಣ ಮುಂದೆ ಮಿಂಚು ಹುಳ. ಅದನ್ನು ಯಾರಿಗೂ ಹೇಳಲಿಲ್ಲ.

ಫೈನಲ್ ದಿನ ಸುಮ್ಮನೆ ಪ್ಯಾಂಟು, ಶರ್ಟು, ಚಪ್ಪಲಿ ಹಾಕಿಕೊಂಡು ಹೋದೆ. ಮುಮ್ತಾಜ್, ಶಿಫಾ ಮೇಲೆ ಹೋಗಿ ಕೂತರು. ನಾನು ತಂಡದ ಬೆಂಚಿನ ಹತ್ತಿರ ಹೋದೆ. ಕೋಚ್ ನನ್ನನ್ನು ನೋಡಿದವನೇ ದೊಡ್ಡ ಸ್ವರ ತೆಗೆದ.

"ಬಿಗ್ ಮ್ಯಾನ್! ಫೈನಲ್ ದಿನ ಚಪ್ಪಲಿಯಾ? ಡ್ರೆಸ್ ಹಾಕು, ಬೇಗ! ಇಗೋ ನಿನ್ನ ಹೆಲ್ಮೆಟ್. ನನ್ನ ಕಾರಲ್ಲಿ ಬಿದ್ದಿತ್ತು, ಯಾಕೆ ಬಿದ್ದಿತ್ತೋ ಆ ದೇವರೇ ಬಲ್ಲ."

ಹೆಲ್ಮೆ‌ಟ್ಟನ್ನು ನನ್ನ ಎದೆಗೆ ಒತ್ತಿ ಕೊಟ್ಟ. ತಮಾಷೆ ಮಾಡುತ್ತಿದ್ದಾನಾ ಎಂದು ಅವನ ಮುಖ ನೋಡಿದೆ. ತಮಾಷೆಯಲ್ಲ. ಮರೆತುಹೋಗಿತ್ತು.

ಯೂಸುಫ್ ಅಲ್ಲೇ ನಿಂತಿದ್ದ. ಅವನಿಗೆ ಎಲ್ಲ ನೆನಪಿತ್ತು, ಅವನಿಗೆ ಕಪ್ಪೂ ಬೇಕಿತ್ತು. "ಕೋಚೇ ಹೇಳಿದ ಮೇಲೆ ಮುಗಿಯಿತಲ್ಲ ಭಾಯಿ. ಯಲ್ಲಾ" ಎಂದು ಮೆಲ್ಲಗೆ ಹೇಳಿ ಬೇರೆ ಕಡೆ ನೋಡಿದ. ಶೆಟ್ಟಿ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದವ ಕಟ್ಟುತ್ತಲೇ ಇದ್ದ. ಅವನು ಒಂದು ಮಾತು ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೆಲ್ಮೆಟ್ಟಿನೊಳಗೆ ಇನ್ನೂ ಮುಮ್ತಾಜಳ ಕ್ರೀಮಿನ ವಾಸನೆ ಇತ್ತು. ಹಾಕಿಕೊಂಡು ಒಳಗೆ ಓಡಿದರೆ ಆ ಗ್ರೌಂಡಿನಲ್ಲಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ನನಗೆ ಆಡಬೇಕಿತ್ತು. ಇಷ್ಟು ಆಸೆ ಜೀವನದಲ್ಲಿ ಬೇರೆ ಯಾವುದಕ್ಕೂ ಪಟ್ಟದ್ದಿಲ್ಲ. ಕೋಚ್ ನನ್ನನ್ನೇ ನೋಡುತ್ತಾ ನಿಂತಿದ್ದ, ಒಂದು ವಾರದ ಹಿಂದಿನದು ಒಂದಿಷ್ಟೂ ಇಲ್ಲದ ಆ ಶುದ್ಧ ಮುಖದಲ್ಲಿ ನಗು. ನನಗೆ ಹೆದರಿಕೆಯಾಯಿತು. ಅವನ ಬಗ್ಗೆ ಅಲ್ಲ, ನನ್ನ ಬಗ್ಗೆ.

"ಕೋಚ್, ಹೋದ ವಾರ ನೀವು ನನ್ನನ್ನು ತೆಗೆದಿರಿ" ಎಂದೆ. "ತಲೆಗೆ ಪೆಟ್ಟು ಬಿತ್ತು. ಕೊನೆಯ ಆಟ ಅಂತ ನೀವೇ ಹೇಳಿದಿರಿ."

"ನಾನಾ?"

"ನೀವೇ."

ಅವನು ಯೂಸುಫ್‌ನನ್ನು ನೋಡಿದ. ಯೂಸುಫ್ ಹೌದು ಎಂದು ತಲೆ ಆಡಿಸಿದ. ಕೋಚ್ ನನ್ನ ಕೈಯಿಂದ ಹೆಲ್ಮೆಟ್ ನಿಧಾನಕ್ಕೆ ವಾಪಸು ತೆಗೆದುಕೊಂಡ. ಆ ಸೊಟ್ಟ ಬೆರಳುಗಳ ಕೈಯನ್ನು ನನ್ನ ಕತ್ತಿನ ಹಿಂದೆ ಇಟ್ಟ.

"ಹಾಗಾದರೆ ಆ ದಿನ ನನ್ನ ತಲೆ ಸರಿ ಇತ್ತು" ಎಂದ. "ಕೂತುಕೋ."

ಕೂತೆ. ಶೆಟ್ಟಿ ದಾರ ಕಟ್ಟುವುದು ಮುಗಿಸಿ ಎದ್ದು, ಹೋಗುವಾಗ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಥ್ಯಾಂಕ್ಸ್ ಬ್ಯಾರಿಗಳೇ" ಎಂದ. ಅವತ್ತು ನಮ್ಮವರು ಕಪ್ಪು ಗೆದ್ದರು. ನಾನಿಲ್ಲದೆಯೇ ಗೆದ್ದರಲ್ಲ ಎಂಬ ಹೊಟ್ಟೆಕಿಚ್ಚು ನನಗೆ ಇವತ್ತಿಗೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಶಿಫಾ ಓಡಿ ಬಂದು ಸೊಂಟ ಹಿಡಿದಾಗ ಅವಳ ಹೆಸರು, ಕ್ಲಾಸು, ಹುಟ್ಟಿದ ದಿನ ಎಲ್ಲ ಮನಸ್ಸಿನಲ್ಲೇ ಒಂದು ಸಲ ಹೇಳಿ ನೋಡಿಕೊಂಡೆ. ಎಲ್ಲ ಇತ್ತು.

ಫೋಟೋಕ್ಕೆ ಎಲ್ಲರೂ ಸಾಲಾಗಿ ನಿಂತೆವು. ಕೋಚ್ ನನ್ನ ಪಕ್ಕದಲ್ಲಿ ನಿಂತ. ಕೆಳಗೆ ನೋಡಿದವನು ನನ್ನ ಚಪ್ಪಲಿ ಕಂಡು ಗಾಬರಿಯಿಂದ ನನ್ನ ಭುಜ ಹಿಡಿದ.

"ಬಿಗ್ ಮ್ಯಾನ್, ನೀನು ಆಡಲಿಲ್ಲವಾ? ಪೆಟ್ಟಾಗಿದೆಯಾ?"

"ಇಲ್ಲ ಕೋಚ್" ಎಂದೆ. "ಪೆಟ್ಟಾಗಲಿಕ್ಕೆ ನೀವು ಬಿಡಲಿಲ್ಲ."